ಕಾರ್ಬನ್ ಕಾಲಂಗೆ ನೀರು ಬಿಡುವ ಮುನ್ನ: ಕ್ರೋಮಿಯಂ ತೆಗೆಯುವ ಲೆಕ್ಕ

ಪ್ಲೇಟಿಂಗ್ (ಲೋಹದ ಲೇಪನ) ಘಟಕಗಳ ಇಟಿಪಿಯ, ಅಂದರೆ ತ್ಯಾಜ್ಯನೀರು ಶುದ್ಧೀಕರಣ ವ್ಯವಸ್ಥೆಯ ಕೊನೆಯಲ್ಲಿ ಸಾಮಾನ್ಯವಾಗಿ ಎರಡು ಎಫ್‌ಆರ್‌ಪಿ (ಫೈಬರ್) ಸಿಲಿಂಡರ್ ನಿಂತಿರುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಆಕ್ಟಿವೇಟೆಡ್ ಕಾರ್ಬನ್; ಇದೇ ಕಾರ್ಬನ್ ಕಾಲಂ. ಇವೆರಡನ್ನೂ ದಾಟಿದ ನೀರಿನಲ್ಲಿ ಲೋಹ ಉಳಿಯುವುದಿಲ್ಲ ಎಂಬ ನಂಬಿಕೆ ಬಹಳ ಕಡೆ ಇದೆ. ಕಾರ್ಬನ್ ತುಂಬಿಸಿದ್ದು ಯಾವಾಗ, ಎಷ್ಟು ಕೆಜಿ, ಒಳಹೋಗುವ ನೀರಿನ ಪಿಎಚ್ ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಇನ್ನೊಂದು ಕಡೆ ಕಾಲೇಜುಗಳ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ತೆಂಗಿನ ಚಿಪ್ಪಿನ ಕಾರ್ಬನ್ ಶೇ 99ರಷ್ಟು ಕ್ರೋಮಿಯಂ ತೆಗೆದಿರುತ್ತದೆ. ಫ್ಲಾಸ್ಕಿನಲ್ಲಿ ನಡೆದದ್ದು ಸಿಲಿಂಡರಿನಲ್ಲಿ ಏಕೆ ನಡೆಯುವುದಿಲ್ಲ ಎನ್ನುವುದಕ್ಕೆ ಕಾರಣ ಮೂರು: ಲೋಹ ಯಾವ ರೂಪದಲ್ಲಿದೆ, ಪಿಎಚ್ ಎಷ್ಟು, ಹೊರಬರುವ ನೀರಿನಲ್ಲಿ ಎಷ್ಟು ಉಳಿಯಬಹುದು. ಮೂರನೆಯದನ್ನೇ ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕ್ರೋಮಿಯಂ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ-6 (ಕ್ರೋಮಿಯಂನ ಹೆಚ್ಚು ವಿಷದ ರೂಪ) ಇರುವುದು ಸರ್ಕಾರಿ ಸಮೀಕ್ಷೆಗಳಲ್ಲೇ ದಾಖಲಾಗಿದೆ. ತಮಿಳುನಾಡಿನ ರಾಣಿಪೇಟೆ, ಉತ್ತರ ಪ್ರದೇಶದ ಕಾನ್ಪುರ, ಒಡಿಶಾದ ಸುಕಿಂದಾ ಗಣಿ ಕಣಿವೆ ಇದೇ ತೊಂದರೆಗೆ ಹೆಸರಾದ ಜಾಗಗಳು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012 ಪ್ರಕಾರ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿ.ಗ್ರಾಂ ದಾಟಬಾರದು. ಸೀಸ, ಆರ್ಸೆನಿಕ್ 0.01, ನಿಕಲ್ 0.02, ಕ್ಯಾಡ್ಮಿಯಂ 0.003, ಪಾದರಸ 0.001. ಕಾರ್ಖಾನೆಯ ನೀರನ್ನು ಹಳ್ಳ-ಹೊಳೆಗೆ ಬಿಡುವುದಾದರೆ ಪರಿಸರ ಸಂರಕ್ಷಣಾ ನಿಯಮಗಳ (1986) ಸಾಮಾನ್ಯ ಮಿತಿ ಬೇರೆ: ಕ್ರೋಮಿಯಂ-6 ಲೀಟರಿಗೆ 0.1 ಮಿ.ಗ್ರಾಂ, ಒಟ್ಟು ಕ್ರೋಮಿಯಂ 2 ಮಿ.ಗ್ರಾಂ. ಯಾವ ಮಿತಿಗೆ ವಿನ್ಯಾಸ ಮಾಡುತ್ತಿದ್ದೀರಿ ಎನ್ನುವುದರ ಮೇಲೆ ಕಾರ್ಬನ್ ಖರ್ಚು ಎಷ್ಟೋ ಪಟ್ಟು ಬದಲಾಗುತ್ತದೆ.

ಆಕ್ಟಿವೇಟೆಡ್ ಕಾರ್ಬನ್ ಮೂಲತಃ ಬಣ್ಣ, ವಾಸನೆ, ಕ್ಲೋರಿನ್, ಸಾವಯವ ವಸ್ತುಗಳಿಗೆ ಹೇಳಿಮಾಡಿಸಿದ್ದು. ಒಂದು ಗ್ರಾಂ ಕಾರ್ಬನ್ನಿನ ಒಳಮೈ ಸಾವಿರ ಚದರ ಮೀಟರ್ ಎನ್ನುವುದು ನಿಜ. ಆದರೆ ಸುತ್ತಲೂ ನೀರಿನ ಅಣುಗಳನ್ನು ಹೊದ್ದುಕೊಂಡ ಲೋಹದ ಅಯಾನಿಗೆ ಬರಿಯ ಇಂಗಾಲದ ಗೋಡೆಯಿಂದ ಪ್ರಯೋಜನ ಕಡಿಮೆ. ಗೋಡೆಯ ಅಂಚುಗಳಲ್ಲಿ ಇರುವ ಕಾರ್ಬಾಕ್ಸಿಲ್, ಫೀನಾಲ್ ಗುಂಪುಗಳು ಅದನ್ನು ಹಿಡಿಯುತ್ತವೆ. ಹಾಗಾಗಿ ಡಬ್ಬದ ಮೇಲೆ ಅಯೋಡಿನ್ ನಂಬರ್ (ಒಂದು ಗ್ರಾಂ ಕಾರ್ಬನ್ ಎಷ್ಟು ಮಿ.ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಅಂಕಿ) 1000 ಎಂದಿದ್ದರೆ ಸೂಕ್ಷ್ಮ ರಂಧ್ರಗಳು ಚೆನ್ನಾಗಿವೆ ಎಂದಷ್ಟೇ ಅರ್ಥ, ಲೋಹ ಎಷ್ಟು ಹಿಡಿಯುತ್ತದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅಯೋಡಿನ್ ನಂಬರ್ 700ರ, ನೈಟ್ರಿಕ್ ಆಸಿಡ್‌ನಲ್ಲಿ ಆಕ್ಸಿಡೀಕರಿಸಿದ ಕಾರ್ಬನ್ ಸೀಸದ ವಿಷಯದಲ್ಲಿ 1100ರದ್ದನ್ನು ಸುಲಭವಾಗಿ ಹಿಂದೆ ಹಾಕಬಹುದು.

ಪ್ರತಿ ಕಾರ್ಬನ್ನಿಗೂ ಒಂದು ಶೂನ್ಯ-ವಿದ್ಯುದಂಶದ ಪಿಎಚ್ ಇದೆ. ನೀರಿನ ಪಿಎಚ್ ಅದಕ್ಕಿಂತ ಕೆಳಗಿದ್ದರೆ ಮೇಲ್ಮೈ ಧನ, ಮೇಲಿದ್ದರೆ ಋಣ. ಸೀಸ, ನಿಕಲ್, ತಾಮ್ರ ಧನ ಅಯಾನುಗಳು. ಅವಕ್ಕೆ ಪಿಎಚ್ 5ರಿಂದ 6 ಬೇಕು. ಇನ್ನೂ ಏರಿಸಿದರೆ ಹೈಡ್ರಾಕ್ಸೈಡ್ ಎಂಬ ಗಟ್ಟಿ ಕಣಗಳಾಗಿ ಕೆಳಗೆ ಕೂರುತ್ತವೆ, ಕೆಲಸ ಮಾಡಿದ್ದು ಕಾರ್ಬನ್ ಎಂದು ನಾವು ತಿಳಿಯುತ್ತೇವೆ. ಕ್ರೋಮಿಯಂ-6 ಇದಕ್ಕೆ ತದ್ವಿರುದ್ಧ. ಅದು ನೀರಿನಲ್ಲಿ ಇರುವುದು ಕ್ರೋಮೇಟ್ ಎಂಬ ಋಣ ಅಯಾನಾಗಿ, ಹಾಗಾಗಿ ಪಿಎಚ್ 2ರಿಂದ 3ರಲ್ಲಿ ಚೆನ್ನಾಗಿ ಅಂಟುತ್ತದೆ, 8ರಲ್ಲಿ ಬಹುತೇಕ ಅಂಟುವುದೇ ಇಲ್ಲ. ಸುಣ್ಣ ಹಾಕಿ ಪಿಎಚ್ 8.5ಕ್ಕೆ ತಂದ ನೀರನ್ನು ನೇರ ಕಾರ್ಬನ್ನಿಗೆ ಬಿಟ್ಟು, ಉಳಿದ ಕ್ರೋಮಿಯಂ-6 ಅಲ್ಲಿ ಹೋಗುತ್ತದೆ ಎಂದು ಕಾಯುವುದು ವ್ಯರ್ಥ.

ಇಲ್ಲೇ ದೊಡ್ಡ ಮೋಸವೊಂದಿದೆ. ಪಿಎಚ್ 3ರಲ್ಲಿ ಕಾರ್ಬನ್ ಕ್ರೋಮಿಯಂ-6 ಅನ್ನು ಹಿಡಿಯುವುದರ ಜತೆಗೆ ಅದನ್ನು ಕ್ರೋಮಿಯಂ-3ಕ್ಕೆ ಇಳಿಸುತ್ತದೆ ಕೂಡ. ಕ್ರೋಮಿಯಂ-3 ಧನ ಅಯಾನು. ಆಮ್ಲೀಯ ನೀರಿನಲ್ಲಿ ಧನಾತ್ಮಕವಾಗಿರುವ ಮೇಲ್ಮೈ ಅದನ್ನು ನೀರಿಗೇ ವಾಪಸ್ ಬಿಡುತ್ತದೆ. ಕ್ರೋಮಿಯಂ-6 ಅನ್ನು ಮಾತ್ರ ತೋರಿಸುವ ಡೈಫಿನೈಲ್ ಕಾರ್ಬಜೈಡ್ ಹಾಕಿದರೆ ಕೆಂಪು-ನೇರಳೆ ಬಣ್ಣ ಬರುವುದಿಲ್ಲ, ರಿಪೋರ್ಟಿನಲ್ಲಿ ಶೇ 99 ಎಂದು ಬರೆಯಲಾಗುತ್ತದೆ. ಅದೇ ನೀರನ್ನು ಎಲ್ಲ ರೂಪವನ್ನೂ ಒಟ್ಟಿಗೆ ಅಳೆಯುವ ಉಪಕರಣವಾದ ಎಎಎಸ್‌ಗೆ ಕೊಟ್ಟರೆ ಒಟ್ಟು ಕ್ರೋಮಿಯಂನ ಒಂದು ಪಾಲು ಅಲ್ಲೇ ಕೂತಿರುತ್ತದೆ. ವಿಷದ ತೀವ್ರತೆ ಕಡಿಮೆಯಾಗಿದೆ, ಒಪ್ಪೋಣ. ಆದರೆ ತೆಗೆದದ್ದಲ್ಲ, ರೂಪ ಬದಲಿಸಿದ್ದು. ಒಟ್ಟು ಕ್ರೋಮಿಯಂ ಅಳೆಯದ ಫಲಿತಾಂಶದ ಮೇಲೆ ಸಿಲಿಂಡರ್ ಖರೀದಿಸಬಾರದು. ಆರನ್ನು ಮೂರಕ್ಕೆ ಇಳಿಸುವ ಈ ಅಪಕರ್ಷಣೆ (ರಿಡಕ್ಷನ್) ಆಮ್ಲವನ್ನೂ ತಿನ್ನುತ್ತದೆ. ಆರಂಭದಲ್ಲಿ 3 ಇದ್ದ ಪಿಎಚ್ ಮುಗಿಯುವಾಗ 4 ದಾಟಿರಬಹುದು. ಎರಡೂ ಅಂಕಿ ಬರೆದಿಡಿ.

ಉಳಿದ ಲೋಹಗಳ ಬಗ್ಗೆ ಚುಟುಕಾಗಿ. ಪಾದರಸಕ್ಕೆ ಗಂಧಕ ಸೇರಿಸಿದ ಕಾರ್ಬನ್ ಬೇಕು. ಆರ್ಸೆನಿಕ್‌ಗೆ ಸಾದಾ ಕಾರ್ಬನ್ ತೀರಾ ದುರ್ಬಲ. ಅದರ ಮೂರರ ರೂಪಕ್ಕೆ ಸಾಮಾನ್ಯ ಪಿಎಚ್‌ನಲ್ಲಿ ವಿದ್ಯುದಂಶವೇ ಇಲ್ಲ, ಹಿಡಿಯಲು ಹಿಡಿಕೆಯೇ ಸಿಗುವುದಿಲ್ಲ. ಮೊದಲು ಐದರ ರೂಪಕ್ಕೆ ಆಕ್ಸಿಡೀಕರಿಸಿ ಆಮೇಲೆ ಕಬ್ಬಿಣ ಲೇಪಿಸಿದ ಮಾಧ್ಯಮದಲ್ಲಿ ಹಾಯಿಸಬೇಕು. ರಾಯಚೂರು-ಯಾದಗಿರಿ ಕಡೆ ಚಿನ್ನದ ಬಂಡೆಯ ಪ್ರದೇಶದ ಆರ್ಸೆನಿಕ್ ಬೋರ್‌ವೆಲ್‌ಗಳಿಗೆ ಇದ್ದಿಲಿನ ಫಿಲ್ಟರ್ ಪರಿಹಾರವೆಂದು ಯಾರಾದರೂ ಹೇಳಿದರೆ ಪರೀಕ್ಷೆಯ ವರದಿ ಕೇಳಿ.

ಕಾರ್ಬನ್ ತಯಾರಿಕೆಗೆ ನಮ್ಮಲ್ಲಿ ಕಚ್ಚಾ ವಸ್ತುವಿನ ಬರವಿಲ್ಲ. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ಗಟ್ಟಿ, ಬೂದಿ ಕಡಿಮೆ. ಅದರ ಕಾರ್ಬನ್ ಕಾಲಂನಲ್ಲಿ ಪುಡಿಯಾಗದೆ ಬಾಳುತ್ತದೆ. ಕಾರ್ಖಾನೆಗಳು ಚಿಪ್ಪನ್ನು ಮೊದಲು ಇದ್ದಿಲು ಮಾಡಿ, ಬಳಿಕ 800ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆ ಹಾಯಿಸುತ್ತವೆ. ಲ್ಯಾಬಿನಲ್ಲಿ ಫಾಸ್ಫಾರಿಕ್ ಆಸಿಡ್ ವಿಧಾನ ಸುಲಭ. ನಾರು ಕೆರೆದ ಚಿಪ್ಪನ್ನು ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ, 1-2 ಮಿ.ಮೀ ಚೂರು ಮಾಡಿ. ತೂಕದಲ್ಲಿ ಒಂದು ಪಾಲು ಚಿಪ್ಪಿಗೆ ಒಂದೂವರೆ ಪಾಲು ಶೇ 85ರ ಫಾಸ್ಫಾರಿಕ್ ಆಸಿಡ್, ಚೂರು ಪೂರ್ತಿ ನೆನೆಯಲು ಬೇಕಾದಷ್ಟು ನೀರು. ರಾತ್ರಿಯಿಡೀ ನೆನೆಸಿ, ಓವನ್‌ನಲ್ಲಿ ಆರಿಸಿ, ಮುಚ್ಚಳವಿರುವ ಕ್ರೂಸಿಬಲ್‌ನಲ್ಲಿ ಮಫಲ್ ಫರ್ನೇಸಿಗಿಟ್ಟು 450 ಡಿಗ್ರಿಯಲ್ಲಿ ಒಂದು ಗಂಟೆ. ಹೊಗೆ ಫ್ಯೂಮ್ ಹುಡ್ ಒಳಗೇ ಇರಲಿ. ಕಷ್ಟದ ಭಾಗ ಆಮೇಲಿನದು, ತೊಳೆಯುವುದು. ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ತೊಳೆದ ನೀರಿನ ಪಿಎಚ್ 6 ದಾಟುವವರೆಗೆ. ಇಲ್ಲಿ ಅವಸರ ಮಾಡಿದರೆ ರಂಧ್ರಗಳಲ್ಲಿ ಉಳಿದ ಫಾಸ್ಫೇಟ್ ಆಮೇಲೆ ಹೊರಬಂದು, ಸೀಸದೊಡನೆ ಸೇರಿ ಸೀಸದ ಫಾಸ್ಫೇಟ್ ಆಗಿ ಕೂರುತ್ತದೆ. ಫಲಿತಾಂಶ ಬೆರಗು ಹುಟ್ಟಿಸುವಂತೆ ಬರುತ್ತದೆ, ಕಾರ್ಬನ್ನಿಗೂ ಅದಕ್ಕೂ ಸಂಬಂಧವಿರುವುದಿಲ್ಲ.

ಪರೀಕ್ಷೆ ಹೀಗೆ. 141.4 ಮಿ.ಗ್ರಾಂ ಒಣಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟ್ ಅನ್ನು ಒಂದು ಲೀಟರಿಗೆ ಕರಗಿಸಿದರೆ ಲೀಟರಿಗೆ 50 ಮಿ.ಗ್ರಾಂ ಕ್ರೋಮಿಯಂ-6 ಇರುವ ಸ್ಟಾಕ್ ಸಿಗುತ್ತದೆ. ಇದನ್ನು ಡಿಸ್ಟಿಲ್ಡ್ ನೀರಿಗಲ್ಲ, ನೀವು ನಿಜವಾಗಿ ಶುದ್ಧ ಮಾಡಬೇಕಿರುವ ನೀರಿಗೇ ಬೆರೆಸಿ. ಅದರ ಸಲ್ಫೇಟ್, ಕ್ಲೋರೈಡ್ ಎಲ್ಲವೂ ಪೈಪೋಟಿಗೆ ಬರಬೇಕು. 250 ಮಿ.ಲೀ ಕೋನಿಕಲ್ ಫ್ಲಾಸ್ಕುಗಳಲ್ಲಿ ತಲಾ 100 ಮಿ.ಲೀ ನೀರು, ಸಲ್ಫ್ಯೂರಿಕ್ ಆಸಿಡ್‌ನಿಂದ ಪಿಎಚ್ 3, ಕಾರ್ಬನ್ 0.02 ಗ್ರಾಂನಿಂದ 1 ಗ್ರಾಂವರೆಗೆ ಏಳೆಂಟು ಪ್ರಮಾಣ. ಶೇಕರ್ 150 ಆರ್‌ಪಿಎಂ. ಪುಡಿಗೆ ಎರಡು ಮೂರು ಗಂಟೆ ಸಾಕಾಗಬಹುದು, ಹರಳು ಕಾರ್ಬನ್ನಿಗೆ 24 ಗಂಟೆ ಕೊಡಿ. ಜತೆಗೆ ಎರಡು ಬ್ಲ್ಯಾಂಕ್ ಕಡ್ಡಾಯ: ಕಾರ್ಬನ್ ಇಲ್ಲದ ಲೋಹದ ನೀರು, ಲೋಹವಿಲ್ಲದ ನೀರಿನಲ್ಲಿ ಕಾರ್ಬನ್. ಮೊದಲನೆಯದು ಗಾಜಿಗೆ, ಫಿಲ್ಟರ್ ಪೇಪರಿಗೆ ಎಷ್ಟು ಹೋಯಿತೆಂದು ಹೇಳುತ್ತದೆ. ಎರಡನೆಯದು ಕಾರ್ಬನ್ ತಾನೇ ಏನು ಬಿಟ್ಟಿತೆಂದು.

ಅಳೆಯುವಾಗ ಕ್ರೋಮಿಯಂ-6 ಮಾದರಿಗೆ ನೈಟ್ರಿಕ್ ಆಸಿಡ್ ಹಾಕಿ ಇಡಬೇಡಿ. ಆಮ್ಲದಲ್ಲಿ ಅದು ಕ್ರೋಮಿಯಂ-3 ಆಗಿಬಿಡುತ್ತದೆ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ನೋಡಿ. ಒಟ್ಟು ಕ್ರೋಮಿಯಂಗಾದರೆ ಆಸಿಡ್ ಹಾಕಲೇಬೇಕು, ಪಿಎಚ್ 2ಕ್ಕಿಂತ ಕೆಳಗೆ. ಅಂದರೆ ಬಾಟಲಿ ಎರಡು. ಡೈಫಿನೈಲ್ ಕಾರ್ಬಜೈಡ್ 250 ಮಿ.ಗ್ರಾಂ ಅನ್ನು 50 ಮಿ.ಲೀ ಅಸಿಟೋನ್‌ನಲ್ಲಿ ಕರಗಿಸಿ, ಆಮ್ಲೀಯ ಮಾಡಿದ 100 ಮಿ.ಲೀ ಮಾದರಿಗೆ 2 ಮಿ.ಲೀ ಹಾಕಿ, ಐದು-ಹತ್ತು ನಿಮಿಷ ಬಿಟ್ಟು 540 ನ್ಯಾನೋಮೀಟರ್‌ನಲ್ಲಿ ಓದಿ. ದ್ರಾವಣ ಬಣ್ಣ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ. ಗಾಜಿನ ಸಾಮಾನನ್ನು ಕ್ರೋಮಿಕ್ ಆಸಿಡ್‌ನಲ್ಲಿ ತೊಳೆದು ಕ್ರೋಮಿಯಂ ಅಳೆಯಲು ಕೂರುವವರು ಇಂದಿಗೂ ಇದ್ದಾರೆ!

ಈಗ ಮುಖ್ಯ ಲೆಕ್ಕ. ಪ್ರತಿ ಫ್ಲಾಸ್ಕಿನಲ್ಲಿ ಹೋದ ಲೋಹವನ್ನು ಕಾರ್ಬನ್ನಿನ ತೂಕದಿಂದ ಭಾಗಿಸಿದರೆ ಗ್ರಾಂಗೆ ಎಷ್ಟು ಮಿ.ಗ್ರಾಂ ಹಿಡಿಯಿತೆಂದು ಬರುತ್ತದೆ. ಇದನ್ನು ಕೊನೆಯಲ್ಲಿ ನೀರಿನಲ್ಲಿ ಉಳಿದ ಪ್ರಮಾಣದ ಎದುರು ಗುರುತಿಸಿ ಲ್ಯಾಂಗ್‌ಮ್ಯೂರ್ ಸಮೀಕರಣಕ್ಕೆ ಹೊಂದಿಸುತ್ತಾರೆ: ಹಿಡಿದದ್ದು = ಗರಿಷ್ಠ ಸಾಮರ್ಥ್ಯ × (ಸ್ಥಿರಾಂಕ × ಉಳಿದದ್ದು) ÷ (1 + ಸ್ಥಿರಾಂಕ × ಉಳಿದದ್ದು). ಉದಾಹರಣೆಗೆ ಗರಿಷ್ಠ ಸಾಮರ್ಥ್ಯ ಗ್ರಾಂಗೆ 20 ಮಿ.ಗ್ರಾಂ, ಲ್ಯಾಂಗ್‌ಮ್ಯೂರ್ ಸ್ಥಿರಾಂಕ 0.5 ಲೀ/ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಲೀಟರಿಗೆ 2 ಮಿ.ಗ್ರಾಂ ಇರುವ ನೀರನ್ನು 0.05ಕ್ಕೆ ಇಳಿಸಬೇಕು. ರಿಪೋರ್ಟಿನ ಮುಖಪುಟದ 20 ಅನ್ನೇ ನಂಬಿದರೆ ಲೀಟರಿಗೆ 0.1 ಗ್ರಾಂ ಕಾರ್ಬನ್ ಸಾಕು. ಆದರೆ ಫ್ಲಾಸ್ಕಿನಲ್ಲಿ ಕಾರ್ಬನ್ ಸಮತೋಲ ಕಾಣುವುದು ಉಳಿದ 0.05ರ ಜತೆ. ಅಲ್ಲಿ ಅದರ ಸಾಮರ್ಥ್ಯ 20 × 0.025 ÷ 1.025, ಅಂದರೆ ಗ್ರಾಂಗೆ 0.49 ಮಿ.ಗ್ರಾಂ ಮಾತ್ರ. ಬೇಕಾಗುವುದು ಲೀಟರಿಗೆ 4 ಗ್ರಾಂ. ನಲವತ್ತು ಪಟ್ಟು ವ್ಯತ್ಯಾಸ!

ಅದೇ ಕಾರ್ಬನ್ನನ್ನು ಕಾಲಂನಲ್ಲಿ ತುಂಬಿದರೆ ಚಿತ್ರ ಬೇರೆ. ಮೇಲಿನ ಪದರ ಸದಾ 2 ಮಿ.ಗ್ರಾಂ ನೀರನ್ನೇ ನೋಡುತ್ತಿರುತ್ತದೆ, ಅಲ್ಲಿ ಸಾಮರ್ಥ್ಯ ಗ್ರಾಂಗೆ 10 ಮಿ.ಗ್ರಾಂ. ಕೆಳಗಿನ ಪದರ ಉಳಿದದ್ದನ್ನು ಒರೆಸುತ್ತದೆ. ಆದರ್ಶ ಲೆಕ್ಕದಲ್ಲಿ ಲೀಟರಿಗೆ 0.2 ಗ್ರಾಂ ಸಾಕು, ಫ್ಲಾಸ್ಕಿಗಿಂತ ಇಪ್ಪತ್ತು ಪಟ್ಟು ಕಡಿಮೆ. ಟ್ಯಾಂಕಿಗೆ ಪುಡಿ ಕಾರ್ಬನ್ ಸುರಿದು ಕಲಕುವುದು ಲೋಹಗಳಿಗೆ ಏಕೆ ದುಬಾರಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಫ್ಲಾಸ್ಕುಗಳ ಪ್ರಮಾಣ ಆರಿಸುವಾಗಲೂ ಇದನ್ನು ನೆನಪಿಡಿ: ಕನಿಷ್ಠ ಮೂರು ಬಿಂದುಗಳು 0.05ರ ಆಸುಪಾಸಿನಲ್ಲಿ ಬೀಳಬೇಕು. ಲೀಟರಿಗೆ 50, 100 ಮಿ.ಗ್ರಾಂ ನೀರಿನಲ್ಲಿ ಎಳೆದ ರೇಖೆಯನ್ನು 0.05ರವರೆಗೆ ಚಾಚಿದರೆ ಅದು ಊಹೆ. ಇನ್ನು ಲೋಹ ಅಂಟುವ ವೇಗಕ್ಕೆ ಎಳೆಯುವ ಸ್ಯೂಡೋ ಸೆಕೆಂಡ್ ಆರ್ಡರ್ ರೇಖೆಯ ಹೊಂದಿಕೆ 0.99 ಬಂತು ಎಂದು ಹಿಗ್ಗುವುದೂ ಬೇಡ. ಅಲ್ಲಿ ಎರಡು ಅಕ್ಷಗಳಲ್ಲೂ ಸಮಯವೇ ಇರುವುದರಿಂದ ಯಾವ ದತ್ತಾಂಶವಾದರೂ ಹೆಚ್ಚುಕಡಿಮೆ ನೇರ ರೇಖೆಯಾಗುತ್ತದೆ.

ಗಂಟೆಗೆ 500 ಲೀಟರ್, ದಿನಕ್ಕೆ 8 ಗಂಟೆ ಓಡುವ ಕಾಲಂ ಒಂದನ್ನು ಲೆಕ್ಕ ಹಾಕೋಣ. ಖಾಲಿ ಬೆಡ್‌ನ ಸಂಪರ್ಕ ಸಮಯ (ಕಾರ್ಬನ್ ಪದರದ ಗಾತ್ರದಷ್ಟು ನೀರು ಹರಿಯಲು ಹಿಡಿಯುವ ಹೊತ್ತು) 15 ನಿಮಿಷ ಎಂದರೆ 125 ಲೀಟರ್ ಕಾರ್ಬನ್. ಚಿಪ್ಪಿನ ಕಾರ್ಬನ್ ಲೀಟರಿಗೆ ಸುಮಾರು 0.48 ಕೆಜಿ ತೂಗುತ್ತದೆ, ಹಾಗಾಗಿ 60 ಕೆಜಿ. 40 ಸೆಂ.ಮೀ ವ್ಯಾಸದ ಸಿಲಿಂಡರಿನಲ್ಲಿ ಇದು ಒಂದು ಮೀಟರ್ ಆಳ ಬರುತ್ತದೆ, ನೀರಿನ ವೇಗ ಗಂಟೆಗೆ 4 ಮೀಟರ್. ಲ್ಯಾಬಿನ 10 ಮಿ.ಗ್ರಾಂನಲ್ಲಿ ಅರ್ಧವನ್ನಷ್ಟೇ ನಂಬಿದರೆ ಬೆಡ್ ಹಿಡಿಯುವುದು 300 ಗ್ರಾಂ ಕ್ರೋಮಿಯಂ. ಲೀಟರಿಗೆ 2 ಮಿ.ಗ್ರಾಂನಂತೆ ದಿನಕ್ಕೆ ಬರುವುದು 8 ಗ್ರಾಂ. ಬೆಡ್ ಬಾಳುವುದು 37 ದಿನ. ಇಂಥ ಎರಡು ಸಿಲಿಂಡರನ್ನು ಸಾಲಾಗಿ ಜೋಡಿಸಿ, ನಡುವೆ ಮಾದರಿ ತೆಗೆಯಲು ಒಂದು ನಲ್ಲಿ (ಟ್ಯಾಪ್) ಇಡಿ. ಮೊದಲನೆಯದರಿಂದ ಬರುವ ನೀರು ಒಳಬರುವುದರ ಅರ್ಧ ಮುಟ್ಟಿದಾಗ ಅದರ ಕಾರ್ಬನ್ ತೆಗೆದು ಹೊಸದು ತುಂಬಿ, ಅದನ್ನು ಎರಡನೆಯ ಜಾಗಕ್ಕೆ ತಂದು, ಎರಡನೆಯದನ್ನು ಮೊದಲಿಗೆ ತರುವುದು. ಪೈಪನ್ನು ಆ ಅದಲುಬದಲಿಗೆ ಮೊದಲೇ ಹೊಂದಿಸಿಕೊಳ್ಳಬೇಕು, ಆಮೇಲೆ ಕತ್ತರಿಸಿ ಜೋಡಿಸುವುದು ತಲೆನೋವು.

ಪಿಎಚ್ 3ಕ್ಕೆ ಇಳಿಸುವ ಖರ್ಚನ್ನೂ ಸೇರಿಸಿ. ಬೋರ್ ನೀರಿನ ಕ್ಷಾರೀಯತೆ ಲೀಟರಿಗೆ 300 ಮಿ.ಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಇದ್ದರೆ ಅದನ್ನು ಕೊಲ್ಲಲು 294 ಮಿ.ಗ್ರಾಂ ಸಲ್ಫ್ಯೂರಿಕ್ ಆಸಿಡ್, ಪಿಎಚ್ 3 ಮುಟ್ಟಲು ಇನ್ನೊಂದು 49. ದಿನದ 4000 ಲೀಟರಿಗೆ 1.4 ಕೆಜಿ ಹತ್ತಿರ. ಹೊರಬಂದ ಮೇಲೆ ಕರಗಿದ ಇಂಗಾಲದ ಡೈಆಕ್ಸೈಡ್ ಹೋಗಲು ಗಾಳಿ ಹಾಯಿಸಿ, ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 8ಕ್ಕೆ ತಂದು, ಕ್ರೋಮಿಯಂ-3ರ ಹೈಡ್ರಾಕ್ಸೈಡನ್ನು ಸೋಸಬೇಕು. ಈ ಕೊನೆಯ ಸೋಸುವಿಕೆ ಇಲ್ಲದ ವ್ಯವಸ್ಥೆ ಅರ್ಧ ಕೆಲಸ. ನನ್ನ ಅಭಿಪ್ರಾಯ ಕೇಳಿದರೆ, ಕ್ರೋಮಿಯಂ-6 ಮಾತ್ರವೇ ತೊಂದರೆಯಾಗಿರುವ ಬೋರ್ ನೀರಿಗೆ ಸ್ಟ್ರಾಂಗ್ ಬೇಸ್ ಆನಯಾನ್ ರೆಸಿನ್ (ಋಣ ಅಯಾನು ಹಿಡಿಯುವ ರಾಳದ ಮಣಿ) ಜತೆ ಬೆಲೆ ಹೋಲಿಸದೆ ಕಾರ್ಬನ್ ಆರಿಸಬಾರದು. ರೆಸಿನ್ನಿಗೆ ಪಿಎಚ್ ಇಳಿಸುವ ಗೊಡವೆ ಇಲ್ಲ.

ಪ್ಲೇಟಿಂಗ್ ತೊಟ್ಟಿಯ ತೊಳೆನೀರಿನಲ್ಲಿ ಲೀಟರಿಗೆ 100 ಮಿ.ಗ್ರಾಂ ಇದ್ದರೆ ಮೇಲಿನ ಬೆಡ್ ಎರಡು ದಿನವೂ ಬಾಳುವುದಿಲ್ಲ. ಅಲ್ಲಿ ಮೊದಲು ರಸಾಯನ. ಪಿಎಚ್ 2ರಿಂದ 2.5ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್: ಒಂದು ಗ್ರಾಂ ಕ್ರೋಮಿಯಂ-6ಕ್ಕೆ ಲೆಕ್ಕದ ಪ್ರಕಾರ 2.74 ಗ್ರಾಂ, ಗಾಳಿಯ ಆಮ್ಲಜನಕಕ್ಕೆ ಹೋಗುವುದನ್ನು ಸೇರಿಸಿ 3ಕ್ಕಿಂತ ಸ್ವಲ್ಪ ಮೇಲೆ ಹಿಡಿಯಿರಿ. ಅರ್ಧ ಗಂಟೆಯಲ್ಲಿ ಹಳದಿ ಹೋಗಿ ಹಸಿರು ಬರುತ್ತದೆ. ಬಳಿಕ ಸುಣ್ಣ, ಪಿಎಚ್ 8ರಿಂದ 8.5. ಇನ್ನೂ ಭದ್ರವಾಗಲಿ ಎಂದು 10ರ ಮೇಲಕ್ಕೆ ಏರಿಸಿದರೆ ಕೂತಿದ್ದ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ. ನಿಕಲ್‌ಗೆ ಮಾತ್ರ 9.5ರಿಂದ 10 ಬೇಕು, ಆದ್ದರಿಂದ ಎರಡೂ ಬೆರೆತ ನೀರಿಗೆ ಒಂದೇ ತೊಟ್ಟಿ ಸಾಲದು. ಸಯನೈಡ್ ಇರುವ ತೊಳೆನೀರು ಈ ಆಮ್ಲದ ತೊಟ್ಟಿಯ ಹತ್ತಿರವೂ ಸುಳಿಯಕೂಡದು, ಹೈಡ್ರೋಜನ್ ಸಯನೈಡ್ ಅನಿಲ ಎದ್ದರೆ ಪ್ರಾಣಕ್ಕೇ ಸಂಚಕಾರ. ಕಾರ್ಬನ್ನಿನ ಸರದಿ ಇದೆಲ್ಲ ಆಗಿ, ಮರಳಿನ ಫಿಲ್ಟರ್ ದಾಟಿ, ಪಿಎಚ್ 6ರ ಹತ್ತಿರಕ್ಕೆ ತಂದ ಮೇಲೆ.

ಹೊಸ ಬೆಡ್ ಕೂರಿಸುವಾಗ ಸಿಲಿಂಡರಿನಲ್ಲಿ ಮೊದಲು ಮೂರನೇ ಒಂದು ಭಾಗ ನೀರು ತುಂಬಿ, ಗ್ರಾವೆಲ್ ಹಾಕಿ, ಆಮೇಲೆ ಕಾರ್ಬನ್ ಸುರಿಯಿರಿ. 12×40 ಮೆಶ್ ಸಾಕು, ಅಂದರೆ 0.4ರಿಂದ 1.7 ಮಿ.ಮೀ. ಒಂದು ದಿನ ನೆನೆಯಲಿ, ಇಲ್ಲದಿದ್ದರೆ ರಂಧ್ರದೊಳಗಿನ ಗಾಳಿ ನೀರನ್ನು ಒಳಬಿಡುವುದಿಲ್ಲ, ಬೆಡ್ಡಿನಲ್ಲಿ ದಾರಿ ಕೊರೆದುಕೊಂಡು ನೀರು ಸೀದಾ ಕೆಳಗಿಳಿಯುತ್ತದೆ. ಬಳಿಕ ಕಪ್ಪು ಪುಡಿ ಬರುವುದು ನಿಲ್ಲುವವರೆಗೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸುವ ಬ್ಯಾಕ್‌ವಾಶ್. ಬೆಡ್ ಕಾಲು ಭಾಗ ಉಬ್ಬಬೇಕು, ಅದಕ್ಕೆ ಮೇಲೆ ಅಷ್ಟು ಖಾಲಿ ಜಾಗವೂ ಇರಬೇಕು. ಒಮ್ಮೆ ಓಡಲು ಶುರುವಾದ ಮೇಲೆ ಒತ್ತಡ ಏರಿದಾಗಲಷ್ಟೇ ಬ್ಯಾಕ್‌ವಾಶ್ ಮಾಡಿ. ಪ್ರತಿದಿನ ಮಾಡಿದರೆ ತುಂಬಿದ ಮೇಲಿನ ಹರಳು ಕೆಳಗೆ ಹೋಗಿ ಬೆರೆಯುತ್ತದೆ, ಶುದ್ಧ ನೀರಿಗೆ ಲೋಹ ಬಿಟ್ಟುಕೊಡುತ್ತದೆ. ಆಸಿಡ್ ವಾಶ್ ಮಾಡದ ಕಾರ್ಬನ್ನಿನಲ್ಲಿ ಆರಂಭದ ನೀರಿನ ಪಿಎಚ್ 9-10ಕ್ಕೆ ಹಾರುತ್ತದೆ, ಚಿಪ್ಪಿನ ಬೂದಿಯ ಪೊಟ್ಯಾಸಿಯಂ ಕಾರಣ. ಆ ನೀರಿನ ಪರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕಾಲಂ ಲೆಕ್ಕಕ್ಕಿಂತ ಮೊದಲೇ ಸೋತರೆ ಹುಡುಕಬೇಕಾದ್ದು ಸಾಮಾನ್ಯವಾಗಿ ಹೊಳಪಿಗೆ ಹಾಕುವ ಬ್ರೈಟ್ನರ್, ಎಣ್ಣೆ, ದ್ರಾವಣ ಚೆನ್ನಾಗಿ ಹರಡಲು ಹಾಕುವ ವೆಟಿಂಗ್ ಏಜೆಂಟ್. ಕಾರ್ಬನ್ನಿಗೆ ಲೋಹಕ್ಕಿಂತ ಅವೇ ಇಷ್ಟ, ರಂಧ್ರವನ್ನೆಲ್ಲ ಅವು ಆಕ್ರಮಿಸುತ್ತವೆ. ಲೋಹವನ್ನು ನೀರಿನಲ್ಲೇ ಕಟ್ಟಿಹಿಡಿಯುವ ಇಡಿಟಿಎ, ಅಮೋನಿಯಾ ಇದ್ದರೆ ನಿಕಲ್, ತಾಮ್ರ ಅವುಗಳ ಕೈಹಿಡಿದು ಕಾರ್ಬನ್ ಮುಟ್ಟದೆಯೇ ದಾಟಿಹೋಗುತ್ತವೆ. ಹೈಪೋಕ್ಲೋರೈಟ್ ಉಳಿದಿದ್ದರೆ ಕಾರ್ಬನ್ನನ್ನೇ ತಿನ್ನುತ್ತದೆ. ಪಿಎಚ್ ಡೋಸಿಂಗ್ ಪಂಪು ಒಂದು ರಾತ್ರಿ ಕೆಟ್ಟರೆ ಮೊದಲು ಹಿಡಿದದ್ದೆಲ್ಲ ಒಟ್ಟಿಗೆ ಹೊರಬಂದು, ಒಳಬರುವ ನೀರಿಗಿಂತ ಹೊರಹೋಗುವುದರಲ್ಲೇ ಲೋಹ ಹೆಚ್ಚಿರಬಹುದು. ದೊಡ್ಡ ಸಿಲಿಂಡರುಗಳಿಗೆ ಯಾರನ್ನೂ ಸುಮ್ಮನೆ ಇಳಿಸಬೇಡಿ. ಒದ್ದೆ ಕಾರ್ಬನ್ ಒಳಗಿನ ಗಾಳಿಯ ಆಮ್ಲಜನಕವನ್ನು ಹೀರಿಬಿಟ್ಟಿರುತ್ತದೆ.

ಮನೆಯ ಫಿಲ್ಟರಿನ ಕಾರ್ಬನ್ ಹೋಳು ಕ್ಲೋರಿನ್ ವಾಸನೆಗೆ ಸರಿ. ಸೀಸ ತೆಗೆಯುತ್ತದೆ ಎಂದು ಹೇಳಿಕೊಂಡರೆ ಎನ್‌ಎಸ್‌ಎಫ್/ಆನ್ಸಿ 53 (ಫಿಲ್ಟರ್‌ಗಳ ಅಮೆರಿಕದ ಮಾನಕ) ಪ್ರಮಾಣಪತ್ರದಲ್ಲಿ ಸೀಸದ ಹೆಸರು ಇದೆಯೇ, ಎಷ್ಟು ಲೀಟರಿನವರೆಗೆ ಎಂದು ನೋಡಿ. ಮಡಕೆಗೆ ಸೌದೆ ಇದ್ದಿಲು ಹಾಕುವುದರಿಂದ ಲೋಹದ ವಿಷಯದಲ್ಲಿ ನಂಬಬಹುದಾದ ಫಲ ಏನೂ ಇಲ್ಲ. ಕುದಿಸಿದರೆ ನೀರು ಆವಿಯಾಗಿ ಲೋಹ ಇನ್ನಷ್ಟು ಗಟ್ಟಿಯಾಗುತ್ತದೆ.

ತುಂಬಿದ ಕಾರ್ಬನ್ನನ್ನು ಮರುಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಸಾವಯವ ವಸ್ತುಗಳಾದರೆ ಕುಲುಮೆಯಲ್ಲಿ ಸುಟ್ಟು ಹೋಗುತ್ತವೆ, ಲೋಹ ಹೋಗುವುದಿಲ್ಲ. ಸೀಸ, ನಿಕಲ್, ತಾಮ್ರವನ್ನು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿಸುತ್ತದೆ, ಕ್ರೋಮಿಯಂ-6 ಅನ್ನು ಕಾಸ್ಟಿಕ್. ಕಾರ್ಬನ್ ಮೇಲೆಯೇ ಕ್ರೋಮಿಯಂ-3 ಆಗಿ ಕೂತದ್ದು ಕಾಸ್ಟಿಕ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಪ್ರತಿ ಸುತ್ತಿಗೂ ಸಾಮರ್ಥ್ಯ ಕುಸಿಯುತ್ತದೆ. ಬಿಡಿಸಿದ ದ್ರಾವಣ ಮೊದಲಿನ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿ. ಅದು ಮೆಟಾಬೈಸಲ್ಫೈಟ್ ತೊಟ್ಟಿಗೇ ಹೋಗಬೇಕು. 60 ಕೆಜಿಯ ಬೆಡ್ಡಿಗೆ ಇಷ್ಟೆಲ್ಲ ಮಾಡುವುದಕ್ಕಿಂತ ಹೊಸದು ತುಂಬುವುದೇ ಮೇಲು.

ತೆಗೆದ ಕಾರ್ಬನ್ ಅಪಾಯಕಾರಿ ತ್ಯಾಜ್ಯ. ಬಾಯ್ಲರ್‌ಗೆ ಹಾಕಿದರೆ ಕ್ರೋಮಿಯಂ ಬೂದಿಯಲ್ಲಿ ಉಳಿಯುತ್ತದೆ, ಸುಡುವಾಗ ಒಂದಷ್ಟು ಮತ್ತೆ ಆರರ ರೂಪಕ್ಕೆ ತಿರುಗಬಹುದು. ಅಪಾಯಕಾರಿ ತ್ಯಾಜ್ಯ ನಿಯಮಗಳ (2016) ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ. ನೀರು ಬಸಿದು, ಮುಚ್ಚಳದ ಎಚ್‌ಡಿಪಿಇ ಡ್ರಮ್ಮಿಗೆ ತುಂಬಿ, ಬಸಿದ ನೀರನ್ನು ಇಟಿಪಿಯ ಮೊದಲ ತೊಟ್ಟಿಗೆ ಬಿಟ್ಟು, ಡ್ರಮ್ಮಿನ ಮೇಲೆ ಲೋಹದ ಹೆಸರು, ತೂಕ, ತೆಗೆದ ದಿನಾಂಕ ಬರೆಯಿರಿ. ಫಾರಂ 10 ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಜತೆ ಅಧಿಕೃತ ಭೂಭರ್ತಿಗೆ, ಅಂದರೆ ತ್ಯಾಜ್ಯ ಹೂಳುವ ತಾಣಕ್ಕೆ ಕಳಿಸಬೇಕು. ಬೆಂಗಳೂರು ಸುತ್ತಲಿನವರಿಗೆ ಅದು ದಾಬಸ್‌ಪೇಟೆಯಲ್ಲಿದೆ.